ನಾಲ್ಕು ಮಾರು ಹಗ್ಗ

ಒಬ್ಬ ಹುಡುಗಿ ಸರಿಯಾಗಿ ಹೇಳಿದ ಉತ್ತರವನ್ನು ನಾನು ತುಂಬಿದ ತರಗತಿಯಲ್ಲಿ ತಪ್ಪು ಅಂದೆ. ಅದು ತಿಳಿಯದೆ ಆದದ್ದು. ಎರಡು ದಿನ ಬಿಟ್ಟು, ತಿಳಿದ ಮೇಲೆ, ಅವಳ ತಂದೆಯ ಎದುರಿಗೆ ಕೂತು, ನಿಮ್ಮ ಮಗಳಿಂದ ಗಣಿತ ಆಗುವುದಿಲ್ಲ ಅಂದೆ. ಮೊದಲನೆಯದಕ್ಕೆ ಎಲ್ಲಾದರೂ ಕ್ಷಮೆ ಇದ್ದೀತು. ಎರಡನೆಯದಕ್ಕೆ — ಇಲ್ಲ, ಅದನ್ನು ನಾನು ತೀರ್ಮಾನಿಸುವುದು ಬೇಡ. ಆದದ್ದನ್ನು ಆದಂತೆ ಹೇಳುತ್ತೇನೆ.

ಆ ಸೋಮವಾರ ಮುಂಜಾನೆ ಧಾರವಾಡದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾಲ್ಕು ಮಂದಿ ಇದ್ದೆವು. ಕಿಟಕಿಯ ಹತ್ತಿರದ ಮೇಜಿಗೆ ನಾನು, ಗಣಿತದ ಲೆಕ್ಚರರ್. ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತ ನಮ್ಮ ವಿಭಾಗದ ಹಿರಿಯರಾದ ಹಿರೇಮಠ ಸರ್. ನನ್ನೆದುರಿಗೆ ಟೊಪಗಿ ಕೈಯಲ್ಲಿ ಹಿಡಿದು ನಿಂತ ಚನ್ನಬಸಪ್ಪನವರು, ಅಮ್ಮಿನಬಾವಿಯ ಒಕ್ಕಲುತನದವರು. ಅವರ ಬೆನ್ನ ಹಿಂದೆ, ಬಾಗಿಲಿಗೆ ಹತ್ತಿ, ಅವರ ಮಗಳು ಗಿರಿಜಾ. ಪಿಯುಸಿ ಎರಡನೆಯ ವರ್ಷ. ಮೇಜಿನ ಮೇಲೆ ಅವರು ತಂದಿಟ್ಟ ಹಸಿ ಕಡಲೆಯ ಸಿವುಡು, ಬೇರಿಗೆ ಇನ್ನೂ ಕರಿಮಣ್ಣು ಅಂಟಿತ್ತು. ಅದರ ಪಕ್ಕದಲ್ಲಿ ಒಂದು ಅಚ್ಚಿನ ಹಾಳೆ. ಅವರು ಒಳಗೆ ಬಂದ ಕೂಡಲೇ ಆ ಹಾಳೆಯ ಮೇಲೆ ನಾನು ಹಾಜರಿ ಪುಸ್ತಕ ಎಳೆದುಕೊಂಡೆ. ಯಾಕೆ ಎಳೆದುಕೊಂಡೆ ಅನ್ನುವುದೇ ಈ ಕಥೆ.

ನಮ್ಮ ಅಜ್ಜ ಯಾವ ಮಾತು ಹೇಳಿದರೂ ಒಂದು ಹೆಜ್ಜೆ ಹಿಂದೆ ಹೋಗಿ ಬರುತ್ತಿದ್ದರು. ನನ್ನದೂ ಅದೇ ಚಾಳಿ. ಸೋಮವಾರಕ್ಕೆ ಬರಬೇಕಾದರೆ ಶನಿವಾರಕ್ಕೆ ಹೋಗಬೇಕು, ಶನಿವಾರಕ್ಕೆ ಹೋಗಬೇಕಾದರೆ ಅದಕ್ಕೂ ಆರು ವರ್ಷ ಹಿಂದೆ.

ಆಗ ನಾನು ನೋಟ್ಸ್ ಬರೆಯಲಿಕ್ಕೆ ಹತ್ತಿದ್ದೆ. ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೆಯುವುದು, ಝೆರಾಕ್ಸ್ ಮಾಡಿಸಿ ಹುಡುಗರಿಗೆ ಕೊಡುವುದು. ನಮ್ಮ ಕಾಲೇಜಿನವರಷ್ಟೇ ಅಲ್ಲ, ಹುಬ್ಬಳ್ಳಿಯ ಹುಡುಗರೂ ಅದನ್ನು ಹುಡುಕಿಕೊಂಡು ಬರುತ್ತಿದ್ದರು. ರಸ್ತೆಯಲ್ಲಿ ಕಂಡವರು "ನೋಟ್ಸ್ ಸರ್ ಹೊಂಟ್ರು" ಅನ್ನುತ್ತಿದ್ದರು. ಕಿವಿಗೆ ಹಿತವಾಗುತ್ತಿತ್ತು — ಸುಳ್ಳು ಯಾಕೆ ಹೇಳಲಿ.

ಲೆಕ್ಕ ಕಲಿಸುವವರಲ್ಲಿ ಒಂದು ರೂಢಿ ಇದೆ. ಹಳೆಯ ಪುಸ್ತಕದ ಲೆಕ್ಕ ತೆಗೆದುಕೊಂಡು ಅಂಕಿ ಬದಲಿಸುವುದು. ಐದಿದ್ದಲ್ಲಿ ಏಳು, ಎಂಟಿದ್ದಲ್ಲಿ ಹನ್ನೆರಡು, ಲೆಕ್ಕ ನಮ್ಮದಾಯಿತು. ಹಾಗೆ ಒಂದು ಲೆಕ್ಕ ತೆಗೆದುಕೊಂಡಿದ್ದೆ, ಸಂಕೀರ್ಣ ಸಂಖ್ಯೆಗಳ ಪಾಠದ್ದು: |z − 3| + |z + 3| = 10 ಆದರೆ z ನ ಬಿಂದುಪಥ ಯಾವುದು? ಗಣಿತ ಬಿಟ್ಟು ಬಹಳ ದಿನವಾದವರು ಹೆದರಬೇಕಿಲ್ಲ. ಆ ಎರಡು ಕಡ್ಡಿಗಳ ನಡುವೆ ಇರುವುದಕ್ಕೆ ಮಾಡ್ಯುಲಸ್ ಅನ್ನುತ್ತಾರೆ. ಇಲ್ಲಿ ಅದರ ಅರ್ಥ ದೂರ, ಅಷ್ಟೇ. z ಅನ್ನುವ ಬಿಂದು ಒಂದು ಬಯಲಿನಲ್ಲಿ ತಿರುಗಾಡುತ್ತದೆ. 3 ರಿಂದ ಅದಕ್ಕಿರುವ ದೂರ, −3 ರಿಂದ ಇರುವ ದೂರ, ಎರಡೂ ಕೂಡಿ ಹತ್ತಾಗುವಂತೆ ಎಲ್ಲೆಲ್ಲಿ ನಿಲ್ಲಬಹುದು? ನಿಲ್ಲಬಹುದಾದ ಜಾಗವೆಲ್ಲ ಸೇರಿಸಿದರೆ ತತ್ತಿಯ ಆಕಾರದ ಒಂದು ಗೆರೆ ಬರುತ್ತದೆ, ದೀರ್ಘವೃತ್ತ.

ನಾನು ಆ ಹತ್ತನ್ನು ನಾಲ್ಕು ಮಾಡಿದೆ. ಯಾಕೆ ನಾಲ್ಕು? ನೆನಪಿಲ್ಲ. ಸಣ್ಣ ಅಂಕಿ, ವರ್ಗ ಮಾಡಲಿಕ್ಕೆ ಸಲೀಸು ಅಂತ ಇರಬೇಕು. ಒಂದು ಪದವನ್ನು ಆ ಕಡೆ ದಾಟಿಸಿದೆ, ವರ್ಗ ಮಾಡಿದೆ, ಉಳಿದದ್ದನ್ನು ಮತ್ತೆ ವರ್ಗ ಮಾಡಿದೆ. ದೀರ್ಘವೃತ್ತ ಬರಲಿಲ್ಲ, ಅತಿಪರವಲಯ ಬಂತು — ಒಂದಕ್ಕೊಂದು ಬೆನ್ನು ಮಾಡಿ ನಿಂತ ಎರಡು ಬಿಲ್ಲಿನಂಥ ಗೆರೆ. ನಾನು ಹಿಗ್ಗಿದೆ. 'ಗಮನಿಸಿ: ಅಂಕಿ ಬದಲಾದರೆ ಬಿಂದುಪಥದ ಜಾತಿಯೇ ಬದಲಾಗುತ್ತದೆ' ಅಂತ ಕೆಳಗೆ ಗೆರೆ ಹಾಕಿ ಬರೆದೆ. ಆರು ವರ್ಷ ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಒಬ್ಬರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಆರನೆಯ ವರ್ಷ ತಾರಿಹಾಳದ ಒಂದು ಸಣ್ಣ ಮುದ್ರಣಾಲಯದವರು ಆ ನೋಟ್ಸನ್ನು ಪುಸ್ತಕ ಮಾಡುತ್ತೇವೆ ಅಂದರು. ಅಚ್ಚಿಗೆ ಮೊದಲು ತಿದ್ದಲಿಕ್ಕೆ ಹಾಳೆಗಳು ಮನೆಗೆ ಬಂದವು. ಅದೇ ವಾರದ ಶನಿವಾರ ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದೆ.

ಬೋರ್ಡ್ ತುಂಬ ವರ್ಗ ಮಾಡಿ, ಅತಿಪರವಲಯ ಬರೆದು, ಸೀಮೆಸುಣ್ಣ ಇಟ್ಟು ತಿರುಗಿದರೆ ಮೂರನೆಯ ಬೆಂಚಿನಲ್ಲಿ ಗಿರಿಜಾ ಎದ್ದು ನಿಂತಿದ್ದಳು. ಹೆಚ್ಚು ಮಾತಾಡುವ ಹುಡುಗಿ ಅಲ್ಲ.

"ಸರ್, ಅಂಥಾ ಬಿಂದು ಇರಂಗಿಲ್ರಿ."

"ಇರಂಗಿಲ್ಲಾ? ಮತ್ತ ಬೋರ್ಡ್ ಮ್ಯಾಲೆ ಏನ್ ಬರದೇನಿ ನಾನು, ರಂಗೋಲಿ?"

ಹುಡುಗರು ನಕ್ಕರು. ಅವಳು ಕೂಡಲಿಲ್ಲ. ಎರಡೂ ಕೈ ಅಗಲಿಸಿ ತೋರಿಸಿದಳು.

"ನಮ್ಮಜ್ಜ ಕಣಾ ಮಾಡುಮುಂದ ನಡುವ ಒಂದು ಗೂಟಾ ಬಡದು, ಹಗ್ಗ ಕಟ್ಟಿ, ಸುತ್ತ ಗೆರಿ ಹೊಡಿತಾರ್ರಿ. ಅದು ಒಂದ ಗೂಟದ್ದು, ದುಂಡಗ ಬರತೈತಿ. ಇಲ್ಲಿ ಎರಡು ಗೂಟ ಅದಾವ್ರಿ. 3 ಒಂದು, −3 ಒಂದು. ನಡುವ ಆರು ಮಾರು ದೂರ. ಹಗ್ಗ ನಾಕ ಮಾರು ಐತಿ. ಆರು ಮಾರಿನ ಗೂಟಕ್ಕ ನಾಕು ಮಾರಿನ ಹಗ್ಗ ಹೆಂಗ ಕಟ್ಟೂದ್ರಿ ಸರ್? ಹಗ್ಗ ಮುಟ್ಟಂಗಿಲ್ರಿ."

ಅಷ್ಟು ಚೊಕ್ಕ ಉತ್ತರವನ್ನು ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಮತ್ತೊಮ್ಮೆ ಕೇಳಲಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಕೇಳಿಸಿದ್ದು ಗೂಟ, ಹಗ್ಗ, ಕಣ — ಅವಷ್ಟೇ.

"ಗಿರಿಜವ್ವಾ, ಇದು ಅಮ್ಮಿನಬಾವಿ ಕಣ ಅಲ್ಲ. ಇಲ್ಲಿ ಎತ್ತು ಕಟ್ಟೂದಿಲ್ಲ, ಲೆಕ್ಕಾ ಮಾಡೂದು. ಹಗ್ಗ ಮನ್ಯಾಗ ಇಟ್ಟು ಬಾ. ಕೂಡು."

ಈ ಸಲ ಇಡೀ ತರಗತಿ ನಕ್ಕಿತು. ಅವಳು ಕೂತಳು. ಗಂಟೆ ಹೊಡೆದ ಮೇಲೆ ಹೊರಗಿನಿಂದ ಯಾರೋ "ಏ ಹಗ್ಗದ ಗಿರಿಜಾ" ಅಂದದ್ದು ನನಗೂ ಕೇಳಿಸಿತು. ಬೈಯಬೇಕಿತ್ತು. ಬೈಯಲಿಲ್ಲ.

ರವಿವಾರ ಮುಂಜಾನೆ ಅಚ್ಚಿನ ಹಾಳೆ ತಿದ್ದುತ್ತ ಕೂತಿದ್ದೆ. ಆ ಪುಟ ಬಂತು. ಹುಡುಗಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು; ಬಾಯಿ ಮುಚ್ಚಿಸಿದೆನಲ್ಲ, ಇನ್ನು ಯಾಕೆ ಕೊರೆಯಬೇಕು? ನನ್ನ ಅತಿಪರವಲಯದ ಮೇಲಿನ ಅತಿ ಸುಲಭದ ಬಿಂದು ತೆಗೆದುಕೊಂಡೆ — 2. ಅಲ್ಲಿಂದ 3 ಕ್ಕೆ ದೂರ ಒಂದು. −3 ಕ್ಕೆ ದೂರ ಐದು. ಕೂಡಿದರೆ ಆರು. ನಾಲ್ಕಲ್ಲ. ಮತ್ತೊಂದು ಬಿಂದು ಹಿಡಿದೆ. ಅದೂ ನಾಲ್ಕಲ್ಲ. ಎರಡೆರಡು ಸಲ ವರ್ಗ ಮಾಡುವ ಗದ್ದಲದಲ್ಲಿ ಕೂಡುವ ಚಿಹ್ನೆಯ ಜಾಗಕ್ಕೆ ಕಳೆಯುವ ಚಿಹ್ನೆ ಬಂದು ಕೂತಿತ್ತು. ನಾನು ಬರೆದದ್ದು ಬೇರೆ ಯಾವುದೋ ಲೆಕ್ಕದ ಉತ್ತರ. ಈ ಲೆಕ್ಕಕ್ಕೆ ಉತ್ತರವೇ ಇರಲಿಲ್ಲ. ಒಂದೇ ಒಂದು ಬಿಂದುವನ್ನು ಹಾಕಿ ನೋಡಿದ್ದರೆ ಆರು ವರ್ಷದ ಹಿಂದೆಯೇ ತಿಳಿಯುತ್ತಿತ್ತು.

"ಯಾಕ್ರೀ, ಚಹಾ ಆರಿತಲ್ರಿ," ಅಂದಳು ನನ್ನ ಹೆಂಡತಿ, ಅಡುಗೆಮನೆಯಿಂದ. "ಮಾರಿ ಯಾಕ ಹಂಗಾಗೇತಿ?"

"ಏನಿಲ್ಲ. ಅಚ್ಚಿನ ತಪ್ಪು," ಅಂದೆ.

ಮೊದಲ ಸುಳ್ಳು ಅದು. ಅಚ್ಚಿನವರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಕೆಂಪು ಪೆನ್ನಿನಿಂದ 4 ಹೊಡೆದು 10 ಬರೆದೆ. ಉತ್ತರ ತಿದ್ದಿದೆ. 'ಗಮನಿಸಿ' ಅನ್ನುವ ಸಾಲನ್ನು ಪೂರಾ ಹೊಡೆದು ಹಾಕಿದೆ. ಪುಸ್ತಕ ಉಳಿಯಿತು. ಸೋಮವಾರ ಎರಡನೆಯ ತಾಸಿಗೆ ಗಿರಿಜಾಳನ್ನು ಬೋರ್ಡಿಗೆ ಕರೆದು, ನೀನು ಹೇಳಿದ್ದೇ ಖರೆ, ಎಲ್ಲರಿಗೂ ಹೇಳವಾ ಅನ್ನಬೇಕು — ಅಂದುಕೊಂಡೆ. ಖಂಡಿತ ಅಂದುಕೊಂಡೆ. ಆದರೆ ಅಂದುಕೊಂಡದ್ದಕ್ಕೆ ಏನು ಬೆಲೆ.

ಸೋಮವಾರ ತಾಸಿಗೆ ಮೊದಲೇ ಚನ್ನಬಸಪ್ಪನವರು ಬಂದುಬಿಟ್ಟರು.

ಆಗ ನನ್ನ ಮೇಜಿನ ಮೇಲೆ ಆ ಹಾಳೆ ಇತ್ತು, ಕೆಂಪಗೆ 10 ಕಾಣುವಂತೆ. ಗಿರಿಜಾ ನಿಂತ ಬಾಗಿಲಿಗೂ ಮೇಜಿಗೂ ನಾಲ್ಕೈದು ಹೆಜ್ಜೆ. ಹಾಜರಿ ಪುಸ್ತಕ ಎಳೆದುಕೊಂಡೆ ಅಂದೆನಲ್ಲ — ಅದಕ್ಕೆ.

"ಕೂಡ್ರಿ ಯಜಮಾನ್ರ," ಅಂದೆ. ಅವರು ಕೂಡಲಿಲ್ಲ.

"ಸರ್, ಈಕಿ ಮುಂದ ಬಿಎಸ್ಸಿ ಮಾಡ್ತೀನಿ, ಗಣಿತಾನ ಓದ್ತೀನಿ ಅಂತ ಹಟಾ ಹಿಡದಾಳ್ರಿ. ಮನ್ಯಾಗ ಯಾರಿಗೂ ಮನಸಿಲ್ಲ. ನಮ್ಮವ್ವ ಅಂತೂ ಗಂಡು ಹುಡಕಾಕತ್ತಾಳ. ನನಗ ಓದಾಕ ಬರಂಗಿಲ್ರಿ, ಆಕಿ ಏನ್ ಬರೀತಾಳ ಅನ್ನೂದು ತಿಳಿಯಂಗಿಲ್ಲ. ನೀವು ಕಲಸಾವ್ರು. ನೀವು ಹೂಂ ಅಂದ್ರ ಸಾಕ್ರಿ, ಯಾರ ಮಾತೂ ಕೇಳದ ಓದಸ್ತೀನಿ. ಆಕಿ ಕಡಿಂದ ಆಗತೈತೇನ್ರಿ?"

ಒಂದು ಹೂಂ. ಅದನ್ನು ಕೇಳಲಿಕ್ಕೆ ಮುಂಜಾನೆಯ ಬಸ್ಸಿಗೆ ಬಂದಿದ್ದರು.

ನಾನು ಗಿರಿಜಾಳನ್ನು ನೋಡಿದೆ. ಅವಳೂ ನನ್ನನ್ನು ನೋಡಿದಳು. ಅಂಜಿಕೆ ಇರಲಿಲ್ಲ ಆ ನೋಟದಲ್ಲಿ, ಸಿಟ್ಟೂ ಇರಲಿಲ್ಲ. ಶನಿವಾರದ ಪ್ರಶ್ನೆಯೇ ಇನ್ನೂ ಇತ್ತು — ಹೆಂಗ ಕಟ್ಟೂದ್ರಿ ಸರ್? ಹೂಂ ಅಂದರೆ ಈ ಹುಡುಗಿ ಓದುತ್ತಾಳೆ. ಇದೇ ಊರಿನಲ್ಲಿ ಓದುತ್ತಾಳೆ. ಒಂದು ದಿನ ಯಾರೆದುರಿಗಾದರೂ, ನಮ್ಮ ಸರ್ ನೋಟ್ಸಿನಲ್ಲಿ ಆರು ವರ್ಷ ಈ ತಪ್ಪು ಇತ್ತು ಅನ್ನುತ್ತಾಳೆ. ಇದನ್ನೆಲ್ಲ ಆ ಕ್ಷಣದಲ್ಲಿ ವಿಚಾರ ಮಾಡಿದೆನೋ, ಆಮೇಲೆ ಕಟ್ಟಿಕೊಂಡೆನೋ — ಗೊತ್ತಿಲ್ಲ. ಮೂಲೆಯಲ್ಲಿ ಹಿರೇಮಠ ಸರ್ ಪೇಪರ್ ಕೆಳಗಿಳಿಸಿದ್ದು ಮಾತ್ರ ಕಂಡಿತು.

ನನ್ನ ಬಾಯಿಂದ ಬಂದ ಮಾತು ಇದು:

"ಯಜಮಾನ್ರ, ಹುಡುಗಿ ಶ್ಯಾಣ್ಯಾಕಿ, ಸುಳ್ಳ ಯಾಕ ಹೇಳ್ಲಿ. ಆದ್ರ ಗಣಿತ ಆಕಿ ಕಡಿಂದ ಆಗೂದಲ್ಲ. ಸುಮ್ಮನ ಕಷ್ಟಕ್ಕ ಹಚ್ಚಬ್ಯಾಡ್ರಿ."

ಚನ್ನಬಸಪ್ಪನವರು ಟೊಪಗಿಯನ್ನು ಕಂಕುಳಿಗೆ ಸೇರಿಸಿ ಕೈ ಮುಗಿದರು. "ಆತ್ರಿ ಸರ್. ಇದ್ದದ್ದು ಇದ್ದಂಗ ಹೇಳಿದ್ರಿ, ಛಲೋ ಆತು," ಅಂದರು. ನಾನು ಕ್ಯಾಂಟೀನಿಗೆ ಹೇಳಿ ಚಹಾ ತರಿಸಿದೆ. ನಮ್ಮ ಕಡೆ ಬಂದವರನ್ನು ಚಹಾ ಇಲ್ಲದೆ ಕಳಿಸುವುದುಂಟೇ? ಹಗೆಯವನಾದರೂ ಒಂದು ಕಪ್ಪು ಕುಡಿಸಿಯೇ ಕಳಿಸುತ್ತೇವೆ. ಅವರು ನಿಂತುಕೊಂಡೇ, ಬಹಳ ಮರ್ಯಾದೆಯಿಂದ ಕುಡಿದರು. ಗಿರಿಜಾ ಬೇಡ ಅಂದಳು.

ಅವರು ಹೋದ ಮೇಲೆ ಹಿರೇಮಠ ಸರ್ ಕೇಳಿದರು, "ಯಾಕೋ, ಆ ಹುಡುಗಿ ಪೇಪರ್ ಛಲೋ ಇರತಿದ್ವಲ್ಲೋ?"

"ಬರೇ ಬಾಯಿಪಾಠರಿ ಸರ್," ಅಂದೆ.

ಮೂರನೆಯ ಸುಳ್ಳು. ಬಾಯಿಪಾಠ ಮಾಡದೆ ಇದ್ದವಳು ಇಡೀ ತರಗತಿಯಲ್ಲಿ ಅವಳೊಬ್ಬಳೇ. ಹಿರೇಮಠ ಸರ್ ಮತ್ತೆ ಪೇಪರ್ ಎತ್ತಿಕೊಂಡರು. ಅವರು ಈಗ ಇಲ್ಲ. ಅವರಿಗೆ ಖರೆ ಹೇಳುವ ದಾರಿಯೂ ಮುಚ್ಚಿತು.

ಎರಡನೆಯ ತಾಸಿಗೆ ಹೋದೆ. ಗಿರಿಜಾ ಮೂರನೆಯ ಬೆಂಚಿನಲ್ಲಿ ಕೂತಿದ್ದಳು. ನಾನು ಮುಂದಿನ ಪಾಠ ತೆಗೆದೆ. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅವಳು ಬರೆದುಕೊಂಡಳು. ಆ ವರ್ಷ ಮುಗಿಯುವತನಕ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಪರೀಕ್ಷೆ ಬರೆದಳು, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದಳು, ಬಿಎಸ್ಸಿಗೆ ಅರ್ಜಿ ತುಂಬಲಿಲ್ಲ. ಅಂಕ ನೋಡಿದ ದಿನವಾದರೂ ಅಮ್ಮಿನಬಾವಿಯ ಬಸ್ಸು ಹತ್ತಬಹುದಿತ್ತಲ್ಲ — ಅರ್ಧ ತಾಸಿನ ದಾರಿ! ಕಡಲೆ ಸಿವುಡನ್ನು ಮಾತ್ರ ಅವತ್ತೇ ಮನೆಗೆ ಒಯ್ದಿದ್ದೆ. ಸುಲಿದು ತಿಂದೆವು. ರುಚಿಯಾಗಿದ್ದವು.

ಹದಿನೆಂಟು ವರ್ಷವಾಯಿತು. ಪುಸ್ತಕ ಬಹಳ ಸಲ ಅಚ್ಚಾಯಿತು, ನಾನು ನಿವೃತ್ತನಾದೆ. ಈ ವರ್ಷ ಹೊಸ ಮುದ್ರಣದ ಮಾತಿಗೆ ತಾರಿಹಾಳಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದೆ, ಮಧ್ಯಾಹ್ನ ಮೂರರ ಹೊತ್ತು. ಕಾರ್ಖಾನೆಗಳ ಪಾಳಿ ಬಿಟ್ಟಿತ್ತು. ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ರಸ್ತೆ ದಾಟಿ ನೆಟ್ಟಗೆ ನನ್ನ ಹತ್ತಿರ ಬಂದಳು.

"ನಮಸ್ಕಾರ್ರೀ ಸರ್. ಗುರುತ ಹತ್ತಲಿಲ್ಲೇನ್ರಿ? ನಾನ್ರಿ, ಹಗ್ಗದ ಗಿರಿಜಾ!"

ನಗುತ್ತಲೇ ಅಂದಳು. ನಾನು ಇಡಿಸಿದ ಹೆಸರು.

ಗಂಡ ಅಲ್ಲಿಯೇ ಲೇಥ್ ಮೇಲೆ ಕೆಲಸ ಮಾಡುತ್ತಾನೆ, ಎರಡು ಮಕ್ಕಳು, ತಾನು ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯವಳು — ಎಲ್ಲ ಹೇಳಿದಳು. "ತಯಾರಾದ ಪೀಸ್ ಅಳತಿ ಗೇಜಿಗೆ ಹಚ್ಚಿ ನೋಡೂದ್ರಿ. ಕೂತ್ರ ಪಾಸು, ಕೂಡಲಿಲ್ಲಂದ್ರ ವಾಪಸ್. ಮ್ಯಾನೇಜರ್ ಬಂದು, ಒಂದ ಕೂದಲೆಳಿ ಫರಕ ಐತಿ, ಪಾಸ್ ಮಾಡವಾ ಅಂತಾನ. ಕೂಡಂಗಿಲ್ಲಂದ್ರ ಕೂಡಂಗಿಲ್ರಿ ಅಂತೀನಿ. ನನ್ನ ಕಂಡ್ರ ಆಗಂಗಿಲ್ಲ ಅವಗ!"

ಇನ್ನು ತಡೆಯಲಿಕ್ಕಾಗಲಿಲ್ಲ. ಅಲ್ಲಿಯೇ, ಬಸ್ಸುಗಳ ಧೂಳಿನಲ್ಲಿ ನಿಂತು, "ಗಿರಿಜಾ, ಆ ಲೆಕ್ಕ — ನೀ ಹೇಳಿದ್ದ ಖರೇ ಇತ್ತು. ನಿಮ್ಮ ಅಪ್ಪ ಬಂದ ದಿನ ನನಗ ಗೊತ್ತಿತ್ತು," ಅಂದೆ.

ಅವಳ ನಗು ನಿಂತಿತು. ಆದರೆ ಆಶ್ಚರ್ಯಪಡಲಿಲ್ಲ.

"ಗೊತ್ತೈತ್ರಿ ಸರ್. ಮರುವರ್ಷ ನಿಮ್ಮ ಪುಸ್ತಕ ಬಂತಲ್ರಿ, ಬಸ್‌ಸ್ಟ್ಯಾಂಡಿನ ಅಂಗಡ್ಯಾಗ ನಿಂತ ತಗದ ನೋಡಿದೆ. 10 ಇತ್ತು. ಮೊದಲ ಎಷ್ಟ ಖುಷಿ ಆತು ಗೊತ್ತೇನ್ರಿ, ಸರ್ ಒಪ್ಪಿದ್ರು ಅಂತ! ಆಮ್ಯಾಲೆ ಊರು ಮುಟ್ಟೂತನಾ ಬಸ್ಸಿನ್ಯಾಗ ವಿಚಾರ ಮಾಡಿದೆ. ಒಪ್ಪಿದ್ರ, ಅಪ್ಪಗ ಯಾಕ ಹಂಗಂದ್ರು?"

ಹೊಸ ಮುದ್ರಣದಲ್ಲಿ 4 ರ ಲೆಕ್ಕವನ್ನೂ ಹಾಕುತ್ತೇನೆ, 'ಇಂಥ ಬಿಂದು ಇಲ್ಲ' ಅಂತ ಉತ್ತರ ಬರೆದು ನಿನ್ನ ಹೆಸರು ಕೊಡುತ್ತೇನೆ ಅಂದೆ. ಹೇಳುತ್ತಿದ್ದಂತೆಯೇ ಅದು ಎಷ್ಟು ಸಣ್ಣದು ಅಂತ ನನಗೇ ತಿಳಿಯಿತು.

"ಲೆಕ್ಕಾ ಹಾಕ್ರಿ, ಹುಡುಗರಿಗೆ ಬೇಕಾಗತೈತಿ. ಹೆಸರು ಬ್ಯಾಡ್ರಿ. ನನಗಂತೂ ಗೊತ್ತಿತ್ತು. ಅಪ್ಪಗ ಗೊತ್ತಿಲ್ಲ. ಅವರಿಗೆ ಹೇಳ್ರಿ."

ಅಷ್ಟರಲ್ಲಿ ಅವಳ ಬಸ್ಸು ಬಂತು.

ಹೇಳಲಿಕ್ಕೆ ಹೋಗಲು ನನಗೆ ಎಂಟು ದಿನ ಬೇಕಾದವು. ಹದಿನೆಂಟು ವರ್ಷದ ಮೇಲೆ ಇನ್ನೂ ಎಂಟು ದಿನ. ಅವುಗಳಿಗೂ ನನ್ನ ಹತ್ತಿರ ಕಾರಣ ಇಲ್ಲ.

ಕಳೆದ ಗುರುವಾರ ಅಮ್ಮಿನಬಾವಿಗೆ ಹೋದೆ. ಚನ್ನಬಸಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಹೆಸರುಕಾಳು ಹಸನ ಮಾಡುತ್ತ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ನಿಂತರು. "ಬರ್ರಿ ಸರ್, ಬರ್ರಿ! ಎಷ್ಟ ವರ್ಷ ಆತ್ರಿ!" ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದರು, "ಏ ಯವ್ವಾ, ಗಿರಿಜಾನ ಸರ್ ಬಂದಾರ. ಚಹಾ ಇಡವಾ, ಶುಂಠಿ ಹಾಕು!"

ಕೂತೆ. ಗೂಟ, ಹಗ್ಗ, ಆರು ಮಾರು, ನಾಲ್ಕು ಮಾರು — ಎಲ್ಲ ಹೇಳಿದೆ. ಓದು ಬರದ ಅವರಿಗೆ ಅದು ಒಂದೇ ಸಲಕ್ಕೆ ತಿಳಿಯಿತು.

"ಮುಟ್ಟಂಗಿಲ್ಲಲ್ರಿ ಮತ್ತ," ಅಂದರು. "ಅಂದ್ರ ಆಕಿ ಹೇಳಿದ್ದು ಖರೇ ಇತ್ತು."

"ಖರೇ ಇತ್ತು."

"ಅವತ್ತು ನಾ ಕೇಳಾಕ ಬಂದಾಗ... ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವರು ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿದರು. ನನ್ನ ಕಡೆ ನೋಡದೆ ಅಂದರು:

"ಆಕಿ ಎರಡ ದಿನ ಉಣಲಿಲ್ರಿ. ನಂದ ಖರೇ ಐತಿ ಅಪ್ಪಾ ಅಂತಿದ್ಳು. ನಾ ಬಡದೆ. ಒಮ್ಮಿನೂ ಬಡದಿದ್ದಿಲ್ಲ, ಅವತ್ತು ಬಡದೆ. ಸರ್ ಸುಳ್ಳ ಹೇಳ್ತಾರೇನಂತ."

ಆ ಹೊತ್ತಿಗೆ ಸೊಸೆ ಹೊಸ್ತಿಲಿಗೆ ಬಂದಳು, ತಟ್ಟೆಯಲ್ಲಿ ಎರಡು ಕಪ್ಪು. ಶುಂಠಿಯ ವಾಸನೆ ಕಟ್ಟೆಯ ತನಕ ಬಂತು. ಚನ್ನಬಸಪ್ಪನವರು ತಿರುಗಿ ನೋಡದೆ ಕೈ ಎತ್ತಿದರು. ಅವಳಿಗೆ ಮೊದಲು ತಿಳಿಯಲಿಲ್ಲ, ನಿಂತಳು. ಅವರು ಕೈ ಇಳಿಸಲಿಲ್ಲ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಧಾರವಾಡದ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು.